ಆಟಿಸಂ ತಪಾಸಣೆಗೆ ಕಳಿಸುವ ಮೊದಲು ನೋಟ್‌ಬುಕ್ಕಿನಲ್ಲಿ ಬರೆದದ್ದು

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ನಮ್ಮಲ್ಲಿ ಐದನೇ ತರಗತಿವರೆಗೆ ಮಾತ್ರ. ನಾಲ್ಕನೇ ತರಗತಿಯ ಒಬ್ಬ ಹುಡುಗಿಯನ್ನು ಆಟಿಸಂ ತಪಾಸಣೆಗೆ ಮೈಸೂರಿಗೆ ಕಳಿಸಿದ್ದು ಹೇಗೆ ಅಂತ ಬೇರೆ ಶಾಲೆಯ ಗೆಳೆಯರು ಕೇಳುತ್ತಿರುತ್ತಾರೆ. ಅವರಿಗಾಗಿ ಇದು. ಮಗುವಿನ ಗುರುತು ಸಿಗದ ಹಾಗೆ ಕೆಲವು ವಿವರ ಬಿಟ್ಟಿದ್ದೇನೆ.

ಆಟಿಸಂ ಅಂದರೆ ಮಿದುಳು ಬೆಳೆಯುವ ರೀತಿಯ ಒಂದು ವ್ಯತ್ಯಾಸ, ಬೇರೆಯವರ ಜೊತೆ ಬೆರೆಯೋಕೆ, ಬದಲಾವಣೆ ತಡೆದುಕೊಳ್ಳೋಕೆ ಕಷ್ಟವಾಗುತ್ತದೆ. ಅದು ಇದೆಯೋ ಇಲ್ಲವೋ ಹೇಳುವುದು ಮೇಷ್ಟ್ರ ಕೆಲಸವಲ್ಲ. ಆದರೆ ತಜ್ಞರಿಗೆ ಸಿಗದ ಒಂದು ವಸ್ತು ನಮ್ಮ ಹತ್ತಿರ ಇರುತ್ತದೆ: ಆ ಮಗುವಿನ ಮಾಮೂಲಿ ದಿನಗಳು. ಅವರು ಮಗುವನ್ನು ನೋಡುವುದು ಕೆಲವು ಗಂಟೆ, ಅದೂ ಹೊಸ ಜಾಗದಲ್ಲಿ. ನಾವು ನೋಡುವುದು ವರ್ಷಗಟ್ಟಲೆ. ಅದನ್ನು ಬರೆದು ಕೊಟ್ಟರೆ ಅರ್ಧ ಕೆಲಸ ಆದ ಹಾಗೆ.

ಈ ಹುಡುಗಿ ಮೂರನೇ ತರಗತಿವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಾರಣ ನಲಿ-ಕಲಿ, ಮೂರನೇ ತರಗತಿವರೆಗಿನ ಚಟುವಟಿಕೆ ಪದ್ಧತಿ. ಅಲ್ಲಿ ಮಕ್ಕಳು ಕಲಿಕಾ ಏಣಿ ನೋಡಿಕೊಂಡು ತಮ್ಮ ಕಾರ್ಡ್ ತಾವೇ ತೆಗೆದುಕೊಳ್ಳುತ್ತಾರೆ, ಒಂದು ತಟ್ಟೆ (ಕಲಿಕೆಯ ಗುಂಪಿಗೆ ಅಲ್ಲಿ ಹಾಗೆನ್ನುತ್ತಾರೆ) ಮುಗಿಸಿ ಇನ್ನೊಂದಕ್ಕೆ ಹೋಗುತ್ತಾರೆ. ಮುಂದೆ ಏನು ಅಂತ ಮೊದಲೇ ಗೊತ್ತಿರುತ್ತದೆ. ಅವಳಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಸ್ವಕಲಿಕೆಯ ತಟ್ಟೆಯಲ್ಲಿ ಎಲ್ಲರಿಗಿಂತ ಮುಂದು. ಸಹಪಾಠಿಗಳ ಜೊತೆ ಕಲಿಯುವ ತಟ್ಟೆಗೆ ಬಂದರೆ ಮಾತ್ರ ಕಾರ್ಡ್ ಹಿಡಿದುಕೊಂಡು ಗೋಡೆ ಕಡೆ ತಿರುಗಿ ಕೂರುತ್ತಿದ್ದಳು. ಸೈಲೆಂಟ್ ಹುಡುಗಿ, ತೊಂದರೆ ಕೊಡಲ್ಲ ಅಂತ ಎಲ್ಲರೂ ಸುಮ್ಮನಾಗಿದ್ದೆವು. ಗಲಾಟೆ ಮಾಡುವ ಗಂಡು ಹುಡುಗನಾಗಿದ್ದರೆ ಯಾರಾದರೂ ಬೇಗ ಗಮನಿಸುತ್ತಿದ್ದರೇನೋ.

ನಾಲ್ಕಕ್ಕೆ ಬಂದಾಗ ಏಣಿ ಇಲ್ಲ, ಕಾರ್ಡ್ ಇಲ್ಲ. ಬೋರ್ಡು, ಸಾಲು, ಗುಂಪು ಚಟುವಟಿಕೆ. ಆಗ ಒಂದೊಂದೇ ಕಾಣಿಸಿತು. ನಮ್ಮೂರಿನ ಮಕ್ಕಳು ‘ಬತ್ತೀನಿ ಸಾ’ ಅನ್ನುತ್ತಾರೆ. ಇವಳು ‘ನಾನು ನಾಳೆ ಬರುತ್ತೇನೆ’ ಅನ್ನುತ್ತಾಳೆ, ಅಚ್ಚು ಹೊಡೆದ ಪುಸ್ತಕದ ಕನ್ನಡ, ಏರಿಳಿತ ಇಲ್ಲದ ದನಿ. ಹುಡುಗರು ಅವಳಿಗೆ ‘ವಾರ್ತೆ’ ಅಂತ ಹೆಸರಿಟ್ಟಿದ್ದರು. ಬಿಸಿಯೂಟದಲ್ಲಿ ಅನ್ನಕ್ಕೆ ಸಾಂಬಾರ್ ತಗುಲಿದರೆ ಆ ತಟ್ಟೆ ಮುಟ್ಟುತ್ತಿರಲಿಲ್ಲ. ಅಡುಗೆ ಕೋಣೆಯ ಕುಕ್ಕರ್ ಕೂಗಿದರೆ ಎರಡೂ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ.

ನೋಟ್‌ಬುಕ್ ಶುರು ಮಾಡಿದ್ದು ಆಮೇಲೆ. ಒಂದು ನಿಯಮ ಇಟ್ಟುಕೊಂಡೆ: ಕಂಡದ್ದು ಬರೆಯುವುದು, ಅನಿಸಿದ್ದಲ್ಲ. ‘ಹಟಮಾರಿ’ ಅಂತ ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ಹೀಗೆ ಬರೆದೆ: ‘ಮಂಗಳವಾರ, ಪ್ರಾರ್ಥನೆ ಆದ ಮೇಲೆ. ಬೆಂಚು ಜಾಗ ಬದಲಾಯಿಸಿದ್ದೆ. ಹಳೇ ಜಾಗದಲ್ಲೇ ನಿಂತಳು. ಕರೆದರೆ ತಿರುಗಲಿಲ್ಲ. ಅತ್ತಳು. ಬೆಂಚು ಮೊದಲಿನಂತೆ ಹಾಕಿದ ಮೇಲೆ ಕೂತಳು, ಲೆಕ್ಕ ಪೂರ್ತಿ ಮಾಡಿದಳು.’ ಮೊದಲು ಏನಾಯಿತು, ಅವಳು ಏನು ಮಾಡಿದಳು, ಆಮೇಲೆ ಏನಾಯಿತು, ಅಷ್ಟೇ. ಚೆನ್ನಾಗಿ ಮಾಡಿದ್ದನ್ನೂ ಬರೆದೆ. ಬರೀ ದೂರು ಇದ್ದರೆ ಅದು ಮಗುವಿನ ಚಿತ್ರ ಆಗುವುದಿಲ್ಲ, ಅಲ್ವಾ?

ಮನೆಯವರಿಗೆ ಹೇಳುವುದು ಕಷ್ಟದ ಭಾಗ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹೇಳಲಿಲ್ಲ, ಗೇಟಿನ ಹತ್ತಿರ ನಿಂತೂ ಹೇಳಲಿಲ್ಲ. ತಾಯಿಯನ್ನು ಶಾಲೆ ಬಿಟ್ಟ ಮೇಲೆ ಕರೆದು, ನೋಟ್‌ಬುಕ್ಕಿನಿಂದ ನಾಲ್ಕೈದು ಕಡೆ ಓದಿದೆ. ಮೊದಲ ಮಾತೇ ‘ನಮ್ ಮಗೀಗೆ ತಲೆ ಸರಿಯಿಲ್ಲ ಅಂತಿದೀರಾ ಮೇಷ್ಟ್ರೇ?’ ಇಲ್ಲಮ್ಮ, ಬುದ್ಧಿ ಚುರುಕಾಗಿದೆ, ಆದರೆ ಬೇರೆಯವರ ಜೊತೆ ಬೆರೆಯೋಕೆ, ಬದಲಾವಣೆ ತಡೆದುಕೊಳ್ಳೋಕೆ ಕಷ್ಟಪಡ್ತಾಳೆ, ಯಾಕೆ ಅಂತ ಗೊತ್ತಿರೋರು ಒಂದ್ಸಲ ನೋಡಲಿ ಅಂದೆ. ಆಟಿಸಂ ಇರಬಹುದಾ ಅಂತ ಅವರೇ ಕೇಳಿದರು, ಫೋನಿನಲ್ಲಿ ಎಲ್ಲೋ ನೋಡಿದ್ದರಂತೆ. ಇರಬಹುದು, ಇಲ್ಲದೆಯೂ ಇರಬಹುದು ಅಂದೆ. ಮುಚ್ಚಿಡುವುದು ಸರಿ ಅನ್ನಿಸಲಿಲ್ಲ.

ಅವರು ಹಿಂದೆಯೇ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋಗಿ ಬಂದಿದ್ದರು. ನಾಚಿಕೆ ಸ್ವಭಾವ, ದೊಡ್ಡವಳಾದರೆ ಸರಿಹೋಗುತ್ತೆ ಅಂತ ಟಾನಿಕ್ ಬರೆದು ಕಳಿಸಿದ್ದರಂತೆ. ಅಜ್ಜಿಯ ಪ್ರಕಾರ ದೃಷ್ಟಿ. ಜೊತೆಗೆ ಸೊಸೆ ಮೊಬೈಲ್ ಕೊಟ್ಟಿದ್ದೇ ತಪ್ಪು. ಇದೊಂದನ್ನು ಮಾತ್ರ ನಾನು ಜೋರಾಗಿಯೇ ಹೇಳಿದೆ: ಆಟಿಸಂ ಮಿದುಳು ಬೆಳೆಯುವ ರೀತಿಗೆ ಸಂಬಂಧಿಸಿದ್ದು, ತಾಯಿ ಸಾಕಿದ ರೀತಿಯಿಂದ ಬರುವುದಲ್ಲ. ಅಪ್ಪ ಆಲೆಮನೆಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ಅವರದು ಒಂದೇ ಪ್ರಶ್ನೆ, ತಲೆ ಸ್ಕ್ಯಾನ್ ಮಾಡಿಸಿದರೆ ಒಂದೇ ದಿನಕ್ಕೆ ಗೊತ್ತಾಗಲ್ವಾ ಅಂತ. ಗೊತ್ತಾಗುವುದಿಲ್ಲ. ಆಟಿಸಂ ತೋರಿಸುವ ಸ್ಕ್ಯಾನೂ ಇಲ್ಲ, ರಕ್ತ ಪರೀಕ್ಷೆಯೂ ಇಲ್ಲ. ಮಗುವನ್ನು ನೋಡಿ, ಮನೆಯವರನ್ನು ಕೇಳಿಯೇ ತಿಳಿಯಬೇಕು.

ದಾರಿ ಎರಡಿದೆ. ಆರ್‌ಬಿಎಸ್‌ಕೆ ಅಂತ ಕರೆಯುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. 18 ವರ್ಷದವರೆಗಿನ ಮಕ್ಕಳಿಗೆ ಅನ್ವಯ. ಅದರ ತಂಡ ಶಾಲೆಗೆ ವರ್ಷಕ್ಕೊಮ್ಮೆ ಬರುತ್ತದೆ. ಹಲ್ಲು, ಕಣ್ಣು, ರಕ್ತಹೀನತೆ ನೋಡಿ ಹೋಗುತ್ತಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಬೆಳವಣಿಗೆಯ ತೊಂದರೆಗಳೂ, ಆಟಿಸಂ ಸೇರಿದಂತೆ, ಅವರ ಪಟ್ಟಿಯಲ್ಲಿವೆ. ನೂರು ಮಕ್ಕಳ ಸಾಲಿನಲ್ಲಿ ಮಾತಾಡದ ಹುಡುಗಿಯೊಬ್ಬಳು ಅವರಿಗೆ ಹೇಗೆ ಕಾಣಬೇಕು? ನೋಟ್‌ಬುಕ್ ತೋರಿಸಿದ ಮೇಲೆ ಡಾಕ್ಟರ್ ಕೂತು ಓದಿದರು, ರೆಫರಲ್ ಚೀಟಿ ಬರೆದರು. ಇನ್ನೊಂದು ದಾರಿ, ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿರುವ ಬಿಐಇಆರ್‌ಟಿ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಇರುವ ಶಿಕ್ಷಕರು ಅವರು. ನಾನು ಅವರಿಗೂ ತಿಳಿಸಿದ್ದೆ.

ನಾವು ಹೋದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಮೈಸೂರಿನವರ ಬಾಯಲ್ಲಿ ಸ್ಪೀಚ್ ಅಂಡ್ ಹಿಯರಿಂಗ್. 1965ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಬೆಳಿಗ್ಗೆಯೇ ಹೋಗಿ ಹೆಸರು ಬರೆಸುವುದು ಒಳ್ಳೆಯದು. ಕಿವಿ, ಮಾತು, ಮನಶ್ಶಾಸ್ತ್ರ ಎಲ್ಲ ಅಲ್ಲೇ ಇರುವುದರಿಂದ ಊರೂರು ಅಲೆಯುವುದು ತಪ್ಪುತ್ತದೆ. ಮೊದಲು ಕಿವಿ ಪರೀಕ್ಷೆ. ಕರೆದರೆ ತಿರುಗದ ಮಗುವಿಗೆ ಕೇಳಿಸುತ್ತದೆಯೇ ಅನ್ನುವುದು ತಿಳಿಯದೆ ಮುಂದೆ ಹೋಗುವುದು ಹೇಗೆ? ಒಂದೇ ದಿನಕ್ಕೆ ಎಲ್ಲ ಮುಗಿಯುವುದಿಲ್ಲ, ಮತ್ತೆ ಬನ್ನಿ ಅನ್ನುತ್ತಾರೆ. ಆಲೆಮನೆ ಕೂಲಿ ಬಿಟ್ಟು ಬರುವವರಿಗೆ ಇದನ್ನು ಮೊದಲೇ ಹೇಳಿರಬೇಕು. ಇಲ್ಲದಿದ್ದರೆ ಎರಡನೇ ಸಲಕ್ಕೆ ಬರುವುದೇ ಇಲ್ಲ.

ಒಂದು ವಿಷಯ ಯಾರೂ ಹೇಳುವುದಿಲ್ಲ. ಒಂಬತ್ತು ವರ್ಷದ ಮಗುವನ್ನು ಕರೆದೊಯ್ದರೂ ಅವರು ಕೇಳುವುದು ಎರಡು ವರ್ಷದ ಮಗುವಿನ ಬಗ್ಗೆ. ಯಾವಾಗ ಮಾತಾಡಿತು? ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಿತ್ತಾ? ಹೆಸರು ಕೂಗಿದರೆ ನೋಡುತ್ತಿತ್ತಾ? ಆಟಿಸಂ ಲಕ್ಷಣ ಚಿಕ್ಕಂದಿನಿಂದಲೇ ಇರಬೇಕು ಅನ್ನುವುದು ಇದಕ್ಕೆ ಕಾರಣ. ತಾಯಿಗೆ ಎಲ್ಲ ನೆನಪಿರುವುದಿಲ್ಲ. ನಾವು ಹೋಗುವ ಮೊದಲೇ ತಾಯಿ ಕಾರ್ಡ್ (ಬಸಿರು, ಬಾಣಂತನ, ಲಸಿಕೆಯ ವಿವರ ಬರೆಯುವ ಕಾರ್ಡ್) ಹುಡುಕಿಸಿದ್ದೆ, ಅಂಗನವಾಡಿ ಟೀಚರಮ್ಮನ ಹತ್ತಿರವೂ ಕೂತಿದ್ದೆ. ಅವರಿಗೆ ಚೆನ್ನಾಗಿ ನೆನಪಿತ್ತು: ‘ಕೈ ತೋರ್ಸ್ತಿರ್ಲಿಲ್ಲ ಮೇಷ್ಟ್ರೇ, ನನ್ ಕೈಯನ್ನೇ ಹಿಡ್ಕೊಂಡೋಗಿ ಡಬ್ಬದ ಮೇಲೆ ಇಡ್ತಿದ್ಲು.’ ಅದನ್ನೂ ಹಾಗೇ ಬರೆದುಕೊಂಡೆ. ಮನಶ್ಶಾಸ್ತ್ರಜ್ಞರು ಆ ಸಾಲಿನ ಮೇಲೆ ಬೆರಳಿಟ್ಟು ತಾಯಿಯನ್ನು ಬಹಳ ಹೊತ್ತು ಮಾತಾಡಿಸಿದರು.

ಆಟಿಸಂ ಅಳೆಯುವ ಐಎಸ್‌ಎಎ ಅನ್ನುವ ಮಾಪನ ನಮ್ಮ ದೇಶದಲ್ಲೇ ತಯಾರಾದದ್ದು. 40 ಅಂಶ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆಟಿಸಂ ಅಂತ ಲೆಕ್ಕ. ಗೆಳೆಯರೊಬ್ಬರು ಎಂ-ಚಾಟ್ ಅನ್ನುವ ಆಟಿಸಂ ಪ್ರಶ್ನಾವಳಿ ತಂದು ತಮ್ಮ ಮೂರನೇ ತರಗತಿ ಹುಡುಗನಿಗೆ ತುಂಬಿಸುತ್ತಿದ್ದರು. ಅದು 16ರಿಂದ 30 ತಿಂಗಳ ಮಕ್ಕಳದ್ದು, ಶಾಲೆ ಮಕ್ಕಳಿಗೆ ಉಪಯೋಗವಿಲ್ಲ.

ವರದಿ ಬಂತು. ಸೌಮ್ಯ ಪ್ರಮಾಣದ ಆಟಿಸಂ, ಬುದ್ಧಿಮಟ್ಟ ವಯಸ್ಸಿಗೆ ತಕ್ಕಂತೆ. ಈಗ ದಿನದ ಕಾರ್ಯಕ್ರಮ ಗೋಡೆಗೆ ಅಂಟಿಸಿದ್ದೇನೆ, ಬದಲಾವಣೆ ಇದ್ದರೆ ಬೆಳಿಗ್ಗೆಯೇ ಹೇಳುತ್ತೇನೆ. ಅಡುಗೆಯವರು ಸಾಂಬಾರನ್ನು ಬೇರೆ ಲೋಟಕ್ಕೆ ಹಾಕುತ್ತಾರೆ. ಇಷ್ಟಕ್ಕೆ ದುಡ್ಡೇನೂ ಬೇಕಾಗಲಿಲ್ಲ.

ಅಂಗವಿಕಲರ ಪ್ರಮಾಣಪತ್ರಕ್ಕೆ, ಅದರ ಜೊತೆಗಿನ ಯುಡಿಐಡಿ ಗುರುತಿನ ಕಾರ್ಡಿಗೆ, ಅವರಿನ್ನೂ ಅರ್ಜಿ ಹಾಕಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೇಳುವ 21 ವಿಧದ ಅಂಗವಿಕಲತೆಗಳಲ್ಲಿ ಆಟಿಸಂ ಇದೆ. ಅಂಗವಿಕಲತೆ 40 ಪರ್ಸೆಂಟ್ ಆದರೆ ಹೆಚ್ಚಿನ ಸೌಲಭ್ಯಗಳು ಸಿಗುತ್ತವೆ, ಮುಂದೆ ಎಸ್‌ಎಸ್‌ಎಲ್‌ಸಿಗೂ ಅನುಕೂಲ. ಅಜ್ಜಿಗೆ ಮಾತ್ರ ಮದುವೆಯ ಚಿಂತೆ, ಕಾರ್ಡ್ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತೆ ಅಂತ. ವರದಿ ಬೇರೆ, ಪ್ರಮಾಣಪತ್ರ ಬೇರೆ ಅಂತ ತಿಳಿಸಿ ಹೇಳಿದ್ದೇನೆ. ನಿರ್ಧಾರ ಅವರದು. ಐದು ಮುಗಿದ ಮೇಲೆ ಅವಳು ಪಕ್ಕದೂರಿನ ಶಾಲೆಗೆ ಹೋಗಬೇಕು. ಅಲ್ಲಿನ ಮೇಷ್ಟ್ರಿಗೆ ಕೊಡಲು ಒಂದು ಪುಟ ಬರೆದಿಟ್ಟಿದ್ದೇನೆ. ತಾಯಿ ಓದಿ ಒಪ್ಪಿದ್ದಾರೆ, ‘ವಾರ್ತೆ’ ಅನ್ನುವ ಅಡ್ಡಹೆಸರಿನ ಸಾಲೊಂದನ್ನು ಹೊಡೆದುಹಾಕಿಸಿ.