ಜಿಪ್ಸಿ ಮ್ಯಾನಿಫೋಲ್ಡ್ ಲೀಕು: ಗಾಜಿನ ಮೇಲೆ ಉಜ್ಜಿದ ಮೇಲೇ ನಿಂತಿದ್ದು

ನಮ್ಮ ಹಳೆ 970 ಸಿಸಿ ಮಾರುತಿ ಜಿಪ್ಸಿಯ ಇಂಟೇಕ್ ಮ್ಯಾನಿಫೋಲ್ಡ್ (ಕಾರ್ಬುರೇಟರಿನಿಂದ ಸಿಲಿಂಡರಿಗೆ ಗಾಳಿ-ಪೆಟ್ರೋಲ್ ಒಯ್ಯುವ ಕವಲು ಕೊಳವೆ) ಲೀಕು ನಿಂತು ಒಂದು ಪೂರ್ತಿ ಮಳೆಗಾಲ ದಾಟಿತು. ಇನ್ನು ಬರೆದರೆ ತಪ್ಪಿಲ್ಲ. ಸಪಾಟು ಮಾಡಿಸಲು ಮೆಷಿನ್ನಿಗೆ ಕೊಡಲ್ಲ, ಸಿಲಿಕಾನ್ ಅಂಟು ಹಚ್ಚಲ್ಲ, ಅದು ಎಂಜಿನ್ನಿಗೆ ಕೂಡುವ ಮುಖವನ್ನು ಕೈಯಲ್ಲೇ ಉಜ್ಜಿ, ನಡುವೆ ಒಣ ಗ್ಯಾಸ್ಕೆಟ್ (ಲೀಕು ತಡೆಯುವ ಪದರ) ಕೂರಿಸುತ್ತೇನೆ ಅಂದಾಗ ಶಿವಮೊಗ್ಗದಿಂದ ತೀರ್ಥಹಳ್ಳಿವರೆಗೆ ನಗದೇ ಇದ್ದವರು ಕಮ್ಮಿ. "ಅದು ಅಲ್ಯೂಮಿನಿಯಂ ಮಾರಾಯ್ರೆ, ಕತ್ತಿ ಮಸೆದ ಹಾಗೆ ಮಸೆಯುವ ವಸ್ತುವಲ್ಲ" ಅಂತ ಒಬ್ಬರು ಬುದ್ಧಿನೂ ಹೇಳಿದ್ದರು.

ಲಕ್ಷಣ ನಿಮಗೆಲ್ಲ ಗೊತ್ತಿದ್ದದ್ದೇ. ತಣ್ಣಗಿದ್ದಾಗ ಚೋಕ್ ಎಳೆದರೆ ಚೆನ್ನಾಗಿ ಓಡುತ್ತದೆ, ಬಿಸಿಯಾದ ಮೇಲೆ ಐಡ್ಲಿಂಗ್ ನಿಲ್ಲುವುದಿಲ್ಲ. ಆಗುಂಬೆ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಪಟ. ನಾಲ್ಕನೇ, ಅಂದರೆ ಎಲ್ಲಕ್ಕಿಂತ ಹಿಂದಿನ ಸಿಲಿಂಡರಿನ ಪ್ಲಗ್ ಮಾತ್ರ ಸುಣ್ಣದ ಹಾಗೆ ಬಿಳಿ, ಅಲ್ಲಿ ಗಾಳಿ ಜಾಸ್ತಿ ಅಂತ ಅರ್ಥ. ಜೊತೆಗೆ ರೇಡಿಯೇಟರ್ ನೀರು ಸ್ವಲ್ಪ ಸ್ವಲ್ಪವೇ ಕಮ್ಮಿಯಾಗುತ್ತಿತ್ತು, ಹೊರಗೆ ಎಲ್ಲೂ ಒಂದು ಹನಿ ಕಾಣುತ್ತಿರಲಿಲ್ಲ.

ನೀರು ಅಂದ ಕೂಡಲೇ ಒಂದು ಗ್ಯಾರೇಜಿನವರು ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳ) ಗ್ಯಾಸ್ಕೆಟ್ ಹೋಗಿದೆ ಅಂತ ಹನ್ನೆರಡು ಸಾವಿರ ಹೇಳಿದರು. ಕಂಪ್ರೆಷನ್ ನೋಡಿದರೆ ನಾಲ್ಕೂ ಸಿಲಿಂಡರ್ ಹೆಚ್ಚುಕಮ್ಮಿ ಒಂದೇ, ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಹಾಗಿರುವುದು ಕಮ್ಮಿ. ಈ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್ ಬೆಚ್ಚಗಿರಲಿ ಅಂತ ಅದರೊಳಗೇ ನೀರು ಹೋಗುತ್ತದೆ, ಗಾಳಿಗೂ ನೀರಿಗೂ ಒಂದೇ ಗ್ಯಾಸ್ಕೆಟ್ ಅಡ್ಡ. ಅದನ್ನು ನೋಡದೆ ಹೆಡ್ ಬಿಚ್ಚುವುದು ಸುಮ್ನೆ ದುಡ್ಡು ದಂಡ. ಅದಕ್ಕೂ ಮೊದಲು ಕಾರ್ಬುರೇಟರ್ ಕಿಟ್ ಅಂತ ಎರಡು ಸಾವಿರ ಚಿಲ್ಲರೆ ಹೋಗಿತ್ತು. ಆಮೇಲೆ ಇನ್ನೊಂದು ಕಡೆ ಗ್ಯಾಸ್ಕೆಟ್ ಬದಲಾಯಿಸಿ ಎರಡೂ ಬದಿಗೆ ಕೆಂಪು ಸಿಲಿಕಾನ್ ಮೆತ್ತಿದರು, ಕೂಲಿ ಸೇರಿ ಸಾವಿರದ ಐನೂರು. ತಿಂಗಳೆರಡು ತಿಂಗಳು ಚೆನ್ನಾಗಿತ್ತು, ಮತ್ತೆ ಅದೇ ರಾಗ. ನಾನು ಬಿಚ್ಚಿದಾಗ ಆ ಸಿಲಿಕಾನ್ ಪೆಟ್ರೋಲ್ ಕುಡಿದು ಉಬ್ಬಿ, ಪೋರ್ಟಿನ (ಗಾಳಿ-ಪೆಟ್ರೋಲ್ ಹೋಗುವ ತೂತು) ಒಳಗೆ ಎಳೆಹಲಸಿನ ತೊಳೆ ತರ ಜೋತು ಬಿದ್ದಿತ್ತು. ಒಂದು ತುಂಡು ಆಗಲೇ ಎಲ್ಲಿಗೋ ಹೋಗಿಯಾಗಿತ್ತು.

ಲೀಕು ಹುಡುಕಲು ಎಲ್ಲರೂ ಕಾರ್ಬ್ ಕ್ಲೀನರ್ ಹೊಡೆಯುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ನನಗೆ ಇಷ್ಟವಿಲ್ಲ. ಊದುಬತ್ತಿ ಹೊಗೆ ಹಿಡಿಯುವವರೂ ಇದ್ದಾರೆ, ಪೆಟ್ರೋಲ್ ಪಕ್ಕದಲ್ಲಿ ಕೆಂಡ ಹಿಡಿಯುವ ಧೈರ್ಯ ಅವರಿಗೇ ಇರಲಿ. ಹೂಗಿಡಕ್ಕೆ ನೀರು ಹೊಡೆಯುವ ಬಾಟಲಿ ಸಾಕು. ಜೋಡಣೆಯ ಗುಂಟ ನೀರು ಹಾಯಿಸುತ್ತಾ ಹೋದರೆ ಲೀಕಿನ ಜಾಗದಲ್ಲಿ ಸೊರ್ರ್ ಅಂತ ಎಳೆದುಕೊಂಡು ಐಡ್ಲಿಂಗ್ ಒಂದು ಕ್ಷಣ ಬದಲಾಗುತ್ತದೆ. ಮ್ಯಾನಿಫೋಲ್ಡಿನೊಳಗಿನ ಎಳೆತವನ್ನು ಪಾದರಸದ ಇಂಚಿನಲ್ಲಿ ತೋರಿಸುವ ವ್ಯಾಕ್ಯೂಮ್ ಗೇಜೂ ಹಾಕಿದೆ, ಒಂಬೈನೂರು ಕೊಟ್ಟು ತಂದಿದ್ದು. ಮುಳ್ಳು ಹನ್ನೆರಡು ಇಂಚಿನಲ್ಲಿ ಅಲ್ಲಾಡದೆ ನಿಂತಿತ್ತು. ಪುಸ್ತಕದಲ್ಲಿ 17ರಿಂದ 21 ಅಂತಿರುತ್ತದೆ, ಆದರೆ ಅದು ಸಮುದ್ರಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿ ಮೇಲೆ ಬಂದರೆ ಸುಮಾರು ಒಂದು ಇಂಚು ಬಿಡಬೇಕು. ನಮ್ಮ ಕಡೆ ಹೆಚ್ಚುಕಮ್ಮಿ ಎರಡು ಸಾವಿರ ಅಡಿ, ಹಾಗಾಗಿ ಹದಿನಾರು ಬಂದರೆ ಇಲ್ಲಿಗೆ ಚಲೋನೇ. ಇದು ಗೊತ್ತಿಲ್ಲದೆ ಗೇಜೇ ಸುಳ್ಳು ಅನ್ನುವವರನ್ನು ನೋಡಿದ್ದೇನೆ.

ಬಿಚ್ಚುವ ಕತೆ ಬೇಡ. ಕೆಳಗಿನ 12 ಎಂಎಂ ನಟ್ಟುಗಳನ್ನು ಕಣ್ಣು ಮುಚ್ಚಿ ಕೈಯಲ್ಲೇ ಹುಡುಕಬೇಕು, ಅಷ್ಟೇ. ಹಿಂದಿನವರು ಲೀಕು ನಿಲ್ಲಲಿ ಅಂತ ಎಳೆದೆಳೆದು ಬಿಗಿ ಮಾಡಿ ಹೆಡ್ಡಿನಲ್ಲಿ ಒಂದು ಸ್ಟಡ್ಡಿನ (ನಟ್ಟು ಕೂರುವ ತಲೆಯಿಲ್ಲದ ಬೋಲ್ಟು) ಥ್ರೆಡ್ಡೇ ಕಿತ್ತಿದ್ದರು. ಅದಕ್ಕೆ ಹೆಲಿಕಾಯಿಲ್ (ಹಾಳಾದ ಥ್ರೆಡ್ಡಿನ ಜಾಗಕ್ಕೆ ಹಾಕುವ ತಂತಿಯ ಸುರುಳಿ) ಹಾಕಿಸಲು ಐನೂರು. ಉಳಿದ ಸ್ಟಡ್ಡುಗಳನ್ನೂ ಹೊಸದೇ ಹಾಕಿದೆ, ಜಗ್ಗಿದ ಸ್ಟಡ್ಡನ್ನು ನಂಬಬಾರದು.

ಮುಖ್ಯ ವಿಷಯ ಇಲ್ಲಿದೆ. ಸ್ಟ್ರೈಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟು ನೋಡಿದರೆ ಹೆಡ್ಡಿನ ಮುಖ ಸರಿಯಾಗೇ ಇತ್ತು. ಮ್ಯಾನಿಫೋಲ್ಡಿನ ಹಿಂದಿನ ತುದಿಯಲ್ಲಿ ಮಾತ್ರ 0.25 ಎಂಎಂನ ಫೀಲರ್ (ಸಂದು ಅಳೆಯುವ ತೆಳು ತಗಡು) ಆರಾಮಾಗಿ ತೂರಿತು. 0.10ಕ್ಕಿಂತ ಜಾಸ್ತಿ ಇರಬಾರದು. ಇಷ್ಟು ಸೊಟ್ಟ ಇದ್ದರೆ ಯಾವ ಗ್ಯಾಸ್ಕೆಟ್ ತಂದರೂ, ಏನು ಮೆತ್ತಿದರೂ ಅಷ್ಟೇ. ಶಿವಮೊಗ್ಗ ಪಕ್ಕದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಮೆಷಿನ್ನಿಗೆ ಕೇಳಿದೆ, ಎರಡು ಸಾವಿರ, ಮೇಲೆ ವಾರ ಕಾಯಿರಿ ಅಂದರು.

ಗಾಜಿನ ಅಂಗಡಿಯಲ್ಲಿ 12 ಎಂಎಂ ದಪ್ಪದ ಟೇಬಲ್ ಗಾಜಿನ ತುಂಡು ಬಿದ್ದಿತ್ತು, ಇನ್ನೂರೈವತ್ತಕ್ಕೆ ಕೊಟ್ಟರು. ಸಪಾಟಾದ ಕಲ್ಲಿನ ಕಟ್ಟೆ ಮೇಲೆ ಅದನ್ನಿಟ್ಟು, 120 ಗ್ರಿಟ್ಟಿನ ವಾಟರ್ ಪೇಪರ್ (ಒದ್ದೆಯಲ್ಲೂ ಉಜ್ಜುವ ಉಪ್ಪುಕಾಗದ) ಅಂಟಿಸಿ, ಸೀಮೆಎಣ್ಣೆ ಚಿಮುಕಿಸಿದೆ. ಮ್ಯಾನಿಫೋಲ್ಡ್ ಮುಖಕ್ಕೆ ಮಾರ್ಕರಿನಲ್ಲಿ ಅಡ್ಡಡ್ಡ ಗೆರೆ. ಉಜ್ಜುವಾಗ ಕೈ ಪೇಪರಿಗೆ ಆದಷ್ಟು ಹತ್ತಿರ, ಫ್ಲಾಂಜಿನ (ಹೆಡ್ಡಿಗೆ ಕೂಡುವ ಅಗಲ ಅಂಚು) ಪಕ್ಕದಲ್ಲೇ ಇರಬೇಕು. ಕಾರ್ಬುರೇಟರ್ ಕೂರುವ ಕಡೆ ಹಿಡಿದು ನೂಕಿದರೆ ಅದು ತೊನೆದು ಅಂಚು ಗುಂಡಗಾಗುತ್ತದೆ, ಆಮೇಲೆ ಮ್ಯಾನಿಫೋಲ್ಡ್ ಗುಜರಿಗೆ. ಎಂಟರ ಆಕಾರದಲ್ಲಿ ಉಜ್ಜುತ್ತಾ, ಆಗಾಗ ತಿರುಗಿಸಿ ಹಿಡಿಯಬೇಕು. ಮೊದಲು ಉಳಿದ ಕಡೆಯ ಗೆರೆ ಅಳಿಯಿತು, ಹಿಂದಿನ ತುದಿಯದು ಹಾಗೇ ಇತ್ತು. ಬೇಜಾರು ಬರುವಷ್ಟು ಉಜ್ಜಿದ ಮೇಲೆ ಆ ಗೆರೆಯೂ ಹೋಯಿತು. ಆಮೇಲೆ 220, ಕೊನೆಗೆ 320, ಅಲ್ಲಿಗೆ ನಿಲ್ಲಿಸಿ. ಕನ್ನಡಿ ಮಾಡಲು ಹೋಗಬೇಡಿ, ಪೇಪರ್ ಗ್ಯಾಸ್ಕೆಟ್ಟಿಗೆ ಸ್ವಲ್ಪ ಹಿಡಿತ ಬೇಕು. ಹೆಡ್ ಕಡೆ ಹಳೆ ಗ್ಯಾಸ್ಕೆಟ್ ತೆಗೆಯಲು ಗ್ರೈಂಡರ್ ಬೇಡವೇ ಬೇಡ. ಪೋರ್ಟಿಗೆ ಬಟ್ಟೆ ತುರುಕಿ, ಬ್ಲೇಡು ಮತ್ತು ತಿನ್ನರ್, ಸಮಾಧಾನ.

ಗ್ಯಾಸ್ಕೆಟ್ ತಂದ ಮೇಲೆ ಹಾಗೇ ಹಾಕಬೇಡಿ, ಮುಖಕ್ಕೆ ಹಿಡಿದು ನೋಡಿ. ಅರವತ್ತು ರೂಪಾಯಿಯದ್ದರಲ್ಲಿ ನೀರಿನ ತೂತೇ ಅರ್ಧ ಮುಚ್ಚಿತ್ತು. ನೂರೆಂಬತ್ತರದ್ದು ಸರಿ ಕೂತಿತು. ಪೋರ್ಟಿನ ಸುತ್ತ ಏನೂ ಹಚ್ಚಿಲ್ಲ, ಒಣದೇ. ನೀರಿನ ತೂತಿನ ಸುತ್ತ ಮಾತ್ರ ತೆಳ್ಳಗೆ ಒಂದು ವಸ್ತು ಹಚ್ಚುತ್ತೇನೆ. ಅದು ಏನು ಅಂತ ಕೇಳಬೇಡಿ, ಸಿಲಿಕಾನ್ ಅಲ್ಲ ಅಂತಷ್ಟೇ ಹೇಳಬಲ್ಲೆ.

ಇದರ ನಡುವೆ ಒಂದು ಚೇಷ್ಟೆನೂ ಆಯಿತು. ಅಡಿಕೆಗೆ ಬೋರ್ಡೋ ದ್ರಾವಣ (ಕೊಳೆರೋಗದ ಔಷಧಿ) ಹೊಡೆಯುವ ಪಂಪಿನ ಎಂಜಿನ್ನಿಗೆ ಕಾರ್ಬುರೇಟರ್ ಗ್ಯಾಸ್ಕೆಟ್ ಸಿಗಲಿಲ್ಲ. ಅಡಿಕೆ ಹಾಳೆ ಕತ್ತರಿಸಿ ಎಂಜಿನ್ ಆಯಿಲಿನಲ್ಲಿ ನೆನೆಸಿ ಹಾಕಿದೆ. ಆ ದಿನದ ಕೆಲಸ ಮುಗಿಯಿತು, ಮರುದಿನಕ್ಕೆ ಒಣಗಿ ಮುದುಡಿ ಸೀಳಿತ್ತು. ಆಯಿಲಿನಲ್ಲಿ ನೆನೆಸಿದ ರಟ್ಟು ಅದಕ್ಕಿಂತ ಎಷ್ಟೋ ವಾಸಿ.

ಬಿಗಿಯುವುದು ನಡುವಿನಿಂದ ತುದಿಗೆ, ಮೂರು ಸುತ್ತಿನಲ್ಲಿ, ಕೊನೆಗೆ ಸುಮಾರು ಎರಡು ಕೆಜಿ-ಮೀಟರ್. ಒಮ್ಮೆ ಪೂರ್ತಿ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಇನ್ನೊಂದು ಸುತ್ತು. ಬಿಸಿ ಇರುವಾಗ ಮುಟ್ಟಬೇಡಿ.

ಸ್ಟಾರ್ಟ್ ಮಾಡಿದರೆ ಕಪ್ಪು ಹೊಗೆ! ನೋಡಲು ಬಂದಿದ್ದವರಿಗೆ ಖುಷಿಯೋ ಖುಷಿ. ಆದರೆ ಲೀಕಿನ ಗಾಳಿಗೆ ಸರಿಹೋಗಲಿ ಅಂತ ಹಿಂದಿನವರು ಮಿಕ್ಸ್ಚರ್ ಸ್ಕ್ರೂ (ಐಡ್ಲಿಂಗಿನ ಪೆಟ್ರೋಲ್ ಹೊಂದಿಸುವುದು) ಪೂರ್ತಿ ಹೊರಗೆ ಬಿಟ್ಟು ಪೆಟ್ರೋಲ್ ಜಾಸ್ತಿ ಮಾಡಿದ್ದರು, ಈಗ ಲೀಕೇ ಇಲ್ಲವಲ್ಲ. ಸುಮಾರು ಒಂದೂವರೆ ಸುತ್ತು ಒಳಗೆ ತಿರುಗಿಸಿದ ಮೇಲೆ ಹೊಗೆ ಹೋಯಿತು, ಗೇಜಿನ ಮುಳ್ಳು ಹದಿನೇಳಕ್ಕೆ ಬಂತು. ಲೀಟರಿಗೆ ಏಳೆಂಟು ಕೊಡುತ್ತಿದ್ದ ಗಾಡಿ ಈಗ ಹನ್ನೊಂದರ ಹತ್ತಿರ. ಗೇಜು, ಸ್ಟಡ್ಡು, ಪೇಪರ್ ಎಲ್ಲ ಸೇರಿ ಎರಡೂವರೆ ಸಾವಿರ ದಾಟಿಲ್ಲ. ಗಾಜು ಇನ್ನೂ ಇದೆ, ಮೊನ್ನೆ ಒಬ್ಬರು ಓಮ್ನಿಯದ್ದು ಬಿಚ್ಚಿಕೊಂಡು ಬಂದಿದ್ದರು.