ಹೆಲಿಕಾಪ್ಟರ್‌ನಲ್ಲಿ ಜೀವ ಉಳಿಸುವ ಕೆಲಸ: ಸೇನೆ ಸೇರಲು ತಯಾರಿ ಹೇಗೆ?

2022ರ ಫೆಬ್ರುವರಿ 20. ನಂದಿ ಬೆಟ್ಟದ ಪಕ್ಕದ ಬ್ರಹ್ಮಗಿರಿ ಹತ್ತಲು ಹೋಗಿದ್ದ 19 ವರ್ಷದ ವಿದ್ಯಾರ್ಥಿಯೊಬ್ಬ ಕಾಲು ಜಾರಿ ಸುಮಾರು 300 ಅಡಿ ಕೆಳಗೆ ಬಿದ್ದು ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡ. ಮೇಲಿನಿಂದ ಇಳಿದು ಅವನನ್ನು ತಲುಪುವುದು ಆಗಲಿಲ್ಲ. ಯಲಹಂಕದಿಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಂತು. ವಿಂಚ್‌ಗೆ, ಅಂದರೆ ಹಗ್ಗ ಇಳಿಸಿ ಎಳೆಯುವ ಯಂತ್ರಕ್ಕೆ, ಕಟ್ಟಿದ ಉಕ್ಕಿನ ಹಗ್ಗದಲ್ಲಿ ಒಬ್ಬರು ಕೆಳಗಿಳಿದರು, ಹುಡುಗನನ್ನು ತಬ್ಬಿ ಹಿಡಿದು ಮೇಲೆ ತಂದರು.

ಆ ವಿಡಿಯೊ ನೋಡಿದ ಎಷ್ಟೋ ಮಕ್ಕಳು ‘ನಾನೂ ಪೈಲಟ್ ಆಗಬೇಕು’ ಅಂದಿರಬಹುದು. ಆಸೆ ಒಳ್ಳೆಯದೇ. ಆದರೆ ಅಂದು ಹಗ್ಗದಲ್ಲಿ ಇಳಿದವರು ಪೈಲಟ್ ಅಲ್ಲ, ಹೆಲಿಕಾಪ್ಟರ್ ಸಿಬ್ಬಂದಿಯಲ್ಲಿ ಒಬ್ಬರಾದ ಫ್ಲೈಟ್ ಗನ್ನರ್. ಈ ಕೆಲಸಕ್ಕೆ ತಯಾರಾಗುವವರು ಮೊದಲು ತಿಳಿಯಬೇಕಾದ ಸಂಗತಿ ಇದೇ. ಇಲ್ಲಿ ಒಬ್ಬರಿಂದ ಏನೂ ಆಗುವುದಿಲ್ಲ. ಹಾರಿಸುವವರು, ಬಾಗಿಲಲ್ಲಿ ನಿಂತು ದಾರಿ ಹೇಳುವವರು, ಕೆಳಗಿಳಿಯುವವರು ಎಲ್ಲರೂ ಸೇರಿದರೇ ಒಂದು ಜೀವ ಉಳಿಯುತ್ತದೆ.

ನೇರ ಭರ್ತಿ ಇಲ್ಲ

ಶೋಧ ಮತ್ತು ರಕ್ಷಣೆಗೆಂದೇ ನಮ್ಮ ಸೇನೆಗಳಲ್ಲಿ ಬೇರೆ ಭರ್ತಿ ನಡೆಯುವುದಿಲ್ಲ. ನೀವು ವಾಯುಪಡೆ, ನೌಕಾಪಡೆ ಅಥವಾ ಕರಾವಳಿ ಕಾವಲು ಪಡೆಗೆ ಸೇರಬೇಕು. ಅಲ್ಲಿ ಹೆಲಿಕಾಪ್ಟರ್ ವಿಭಾಗಕ್ಕೆ ಹೋಗಬೇಕು. ಆಮೇಲೆ ಸಾಮಾನು ಸಾಗಿಸುವುದು, ಸೈನಿಕರನ್ನು ಇಳಿಸುವುದು, ಗಸ್ತು ಇವೆಲ್ಲದರ ಜೊತೆಗೆ ಈ ಕೆಲಸವೂ ಬರುತ್ತದೆ. ಸಮುದ್ರದ ರಕ್ಷಣೆಯಲ್ಲಿ ಮುಂದಾಳು ಕರಾವಳಿ ಕಾವಲು ಪಡೆ. ಮುಂಬೈ, ಚೆನ್ನೈ ಮತ್ತು ಅಂಡಮಾನ್‌ನಲ್ಲಿ ಅದರ ಸಮನ್ವಯ ಕೇಂದ್ರಗಳಿವೆ. ಬೆಟ್ಟ, ಹಿಮ, ಪ್ರವಾಹ ಅಂದರೆ ಹೆಚ್ಚಾಗಿ ವಾಯುಪಡೆ. ದೊಡ್ಡ ಅನಾಹುತವಾದಾಗ ಯಾರು ಹತ್ತಿರ ಇದ್ದಾರೋ ಅವರೆಲ್ಲ ಬರುತ್ತಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಮೂಲ್ಕಿಯ ಬಂಡೆಗಳ ಹತ್ತಿರ ಟಗ್ (ದೊಡ್ಡ ಹಡಗುಗಳನ್ನು ಎಳೆಯುವ ಸಣ್ಣ ಹಡಗು) ಒಂದು ನಿಂತುಬಿಟ್ಟಿತ್ತು. ಅದರಲ್ಲಿದ್ದ 9 ಜನರಲ್ಲಿ ಐವರನ್ನು ಕರಾವಳಿ ಕಾವಲು ಪಡೆಯ ‘ವರಾಹ’ ಹಡಗು ಉಳಿಸಿತು, ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರ್ ಎತ್ತಿಕೊಂಡಿತು.

ಕೆಲಸ ಹೇಗಿರುತ್ತೆ ಅಂತ ಮೊದಲು ನೋಡಿ

ಹೆಲಿಕಾಪ್ಟರ್ ಒಂದೇ ಜಾಗದಲ್ಲಿ ನಿಂತಾಗ, ತನ್ನ ನೇರ ಕೆಳಗಿರುವ ಮನುಷ್ಯ ಪೈಲಟ್‌ಗೆ ಕಾಣುವುದೇ ಇಲ್ಲ. ಕಾಣುವುದು ಬಾಗಿಲ ಬಳಿ ಮಂಡಿಯೂರಿ ಬಗ್ಗಿ ನೋಡುತ್ತಿರುವ ವಿಂಚ್ ಆಪರೇಟರ್‌ಗೆ. ಅವರು ಹೆಡ್‌ಸೆಟ್‌ನಲ್ಲಿ ಬಿಡದೆ ಹೇಳುತ್ತಲೇ ಇರುತ್ತಾರೆ: ಮುಂದೆ ಐದು, ಮುಂದೆ ಮೂರು, ಬಲಕ್ಕೆ ಎರಡು, ಹಾಗೇ ಇರಲಿ, ಹಗ್ಗ ಇಳೀತಾ ಇದೆ, ನೆಲ ಮುಟ್ಟಿತು. ಪೈಲಟ್ ಆ ದನಿಯನ್ನು ನಂಬಿ ಕೈ ಆಡಿಸಬೇಕು. ದನಿ ನಡುಗಿದರೆ ಕೈಯೂ ತಪ್ಪುತ್ತದೆ. ಮಾತು ಉದ್ದವಾದರೆ ಅಷ್ಟರಲ್ಲಿ ಹೆಲಿಕಾಪ್ಟರ್ ಪಕ್ಕಕ್ಕೆ ಸರಿದಿರುತ್ತದೆ.

ರೆಕ್ಕೆ ತಿರುಗುವಾಗ ಹೆಲಿಕಾಪ್ಟರ್ ಮೈಯಲ್ಲಿ ಸ್ಥಿರ ವಿದ್ಯುತ್ ಸೇರಿಕೊಳ್ಳುತ್ತದೆ. ಅದಕ್ಕೇ ಹಗ್ಗದ ಕೊಕ್ಕೆ ಮೊದಲು ನೀರನ್ನೋ ನೆಲವನ್ನೋ ಮುಟ್ಟಬೇಕು. ಅದಕ್ಕೂ ಮುಂಚೆ ಕೈ ಹಾಕಿದವರಿಗೆ ಜೋರಾಗಿ ಶಾಕ್ ಹೊಡೆಯುತ್ತದೆ. ರೆಕ್ಕೆಯ ಗಾಳಿಗೆ ಮನೆಯ ಶೀಟು ಹಾರುತ್ತದೆ, ಸಣ್ಣ ದೋಣಿ ದೂರ ಹೋಗುತ್ತದೆ. ನೀರಲ್ಲಿರುವವರಿಗೆ ತುಂತುರು ಎರಚಿ ಉಸಿರು ಕಟ್ಟುತ್ತದೆ. ಹಿಮಾಲಯದ ಕಷ್ಟ ಇನ್ನೊಂದು ಬಗೆಯದು. ಎತ್ತರ ಏರಿದಂತೆ ಗಾಳಿ ತೆಳುವಾಗಿ ಎಂಜಿನ್‌ನ ಶಕ್ತಿಯೂ ರೆಕ್ಕೆಯ ಎತ್ತುವ ಬಲವೂ ಇಳಿಯುತ್ತವೆ. ಒಬ್ಬ ರೋಗಿಯನ್ನು ಹತ್ತಿಸಿಕೊಳ್ಳಲು ಎಷ್ಟು ಇಂಧನ ಕಡಿಮೆ ಹಾಕಿ ಹೊರಡಬೇಕು ಅಂತ ಮೊದಲೇ ಲೆಕ್ಕ ಹಾಕಬೇಕಾಗುತ್ತದೆ. ಲೇಹ್‌ನಲ್ಲಿರುವ 114ನೇ ಹೆಲಿಕಾಪ್ಟರ್ ಘಟಕ, ಅಂದರೆ ‘ಸಿಯಾಚಿನ್ ಪಯೋನಿಯರ್ಸ್’, ಈ ಲೆಕ್ಕದಲ್ಲೇ ಬದುಕುತ್ತದೆ. ಅವರು ಹಾರಿಸುವ ಚೀತಾ ತಯಾರಾದದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ.

ಇದಕ್ಕೂ ಮೊದಲು ಹುಡುಕಾಟದ ಕೆಲಸ ಇದೆ. ಕಳೆದುಹೋದವರು ಕೊನೆಗೆ ಇದ್ದ ಜಾಗ, ಗಾಳಿ, ನೀರಿನ ಸೆಳೆತ ನೋಡಿ ಎಲ್ಲಿಗೆ ತೇಲಿರಬಹುದು ಅಂತ ಅಂದಾಜು ಮಾಡುತ್ತಾರೆ. ಜಾಗ ಸರಿಯಾಗಿ ಗೊತ್ತಿದ್ದರೆ ಅಲ್ಲಿಂದ ಚೌಕವನ್ನು ದೊಡ್ಡದು ಮಾಡುತ್ತಾ ಹೋಗುತ್ತಾರೆ. ಗೊತ್ತಿಲ್ಲದಿದ್ದರೆ ಹೊಲ ಉತ್ತ ಹಾಗೆ ಸಾಲು ಸಾಲಾಗಿ ಹಾರುತ್ತಾರೆ. ಹಡಗು, ವಿಮಾನಗಳಲ್ಲಿರುವ ಅಪಾಯ ಸೂಚಕ ಬೀಕನ್ 406 ಮೆಗಾಹರ್ಟ್ಸ್‌ನಲ್ಲಿ ಕೂಗಿದರೆ ಉಪಗ್ರಹ ಅದನ್ನು ಹಿಡಿಯುತ್ತದೆ. ಆ ಸುದ್ದಿ ಬಂದು ಮುಟ್ಟುವ ದೇಶದ ಕೇಂದ್ರ ಇಸ್ರೊ ನಡೆಸುವ ಬೆಂಗಳೂರಿನ ಮಿಷನ್ ಕಂಟ್ರೋಲ್ ಸೆಂಟರ್. ನಮ್ಮೂರಲ್ಲೇ ಇರುವ ಈ ವ್ಯವಸ್ಥೆ ತುಂಬ ಜನಕ್ಕೆ ಗೊತ್ತೇ ಇಲ್ಲ.

ಹತ್ತನೇ ಕ್ಲಾಸ್ ಮುಗಿದ ಕೂಡಲೇ ಒಂದು ತೀರ್ಮಾನ

ಪೈಲಟ್ ಆಗಬೇಕಿದ್ದರೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಎರಡೂ ಇರಲೇಬೇಕು. ಪಿಸಿಎಂಬಿ, ಪಿಸಿಎಂಸಿ, ಪಿಸಿಎಂಇ ಯಾವುದಾದರೂ ಸರಿ. ಗಣಿತ ಬಿಟ್ಟು ಜೀವಶಾಸ್ತ್ರ ಮಾತ್ರ ತೆಗೆದುಕೊಂಡರೆ, ಆಮೇಲೆ ಎಂಥ ಡಿಗ್ರಿ ಮಾಡಿದರೂ ವಾಯುಪಡೆಯ ಹಾರಾಟ ವಿಭಾಗದ ಹಾದಿ ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಇನ್ನೂ ಚಿಕ್ಕ ಮಕ್ಕಳಿದ್ದರೆ ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಿವೆ. ಆರನೇ ಮತ್ತು ಒಂಬತ್ತನೇ ತರಗತಿಗೆ ಪ್ರವೇಶ ಪರೀಕ್ಷೆ ನಡೆಯುತ್ತದೆ. ಸೈನಿಕ ಶಾಲೆಯಲ್ಲಿ ಓದದಿದ್ದರೆ ಆಗುವುದಿಲ್ಲ ಅನ್ನುವ ಮಾತು ಸುಳ್ಳು. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಿ. ಏರ್ ವಿಂಗ್ ಅಥವಾ ನೇವಲ್ ವಿಂಗ್ ಸಿಕ್ಕರೆ ಇನ್ನೂ ಒಳ್ಳೆಯದು.

ಅಧಿಕಾರಿಯಾಗಿ, ಪೈಲಟ್ ಆಗಿ

ದಾರಿಗಳು ಮೂರ್ನಾಲ್ಕು ಇವೆ. ಪಿಯುಸಿ ಓದುತ್ತಿರುವಾಗಲೇ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆ ಬರೆಯಬಹುದು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ, ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗೆ ಇರಬೇಕು. 2022ರಿಂದ ಹೆಣ್ಣುಮಕ್ಕಳೂ ಅಲ್ಲಿ ತರಬೇತಿ ಪಡೆಯುತ್ತಿದ್ದಾರೆ. ಡಿಗ್ರಿ ಮುಗಿಸಿದವರಿಗೆ ಯುಪಿಎಸ್‌ಸಿಯ ಸಿಡಿಎಸ್ ಪರೀಕ್ಷೆ ಇದೆ, ವಾಯುಪಡೆಯೇ ನಡೆಸುವ ಎಎಫ್‌ಸಿಎಟಿ ಪರೀಕ್ಷೆ ಇದೆ. ಎಎಫ್‌ಸಿಎಟಿಯ ಹಾರಾಟ ವಿಭಾಗಕ್ಕೆ ವಯಸ್ಸು 20ರಿಂದ 24. ಇದರಲ್ಲಿ ಸಿಗುವುದು ಶಾರ್ಟ್ ಸರ್ವಿಸ್, ಅಂದರೆ 14 ವರ್ಷದ ಸೀಮಿತ ಅವಧಿಯ ಸೇವೆ. ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆ ತಮ್ಮದೇ ಪ್ರಕಟಣೆ ಹೊರಡಿಸುತ್ತವೆ. ಕಾವಲು ಪಡೆಯಲ್ಲಿ ಅಧಿಕಾರಿ ಹುದ್ದೆಯ ಹೆಸರು ಅಸಿಸ್ಟೆಂಟ್ ಕಮಾಂಡೆಂಟ್. ವಯಸ್ಸು, ಅಂಕದ ನಿಯಮಗಳು ಆಗಾಗ ಬದಲಾಗುತ್ತವೆ. ಆ ವರ್ಷದ ಪ್ರಕಟಣೆಯನ್ನೇ ಓದಿ, ಯಾರೋ ಹೇಳಿದ್ದನ್ನು ನಂಬಬೇಡಿ.

ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್‌ಗೆ ಹೆದರುತ್ತಾರೆ. ಎನ್‌ಡಿಎ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ ಅನ್ನುವುದು ನಿಜ. ಮುಂದೆ ರೇಡಿಯೊ ಮಾತೆಲ್ಲ ಇಂಗ್ಲಿಷೇ. ಆದರೆ ಬೇಕಾದದ್ದು ಸೊಗಸಾದ ಇಂಗ್ಲಿಷ್ ಅಲ್ಲ, ಚುಟುಕಾದ ಸ್ಪಷ್ಟ ಇಂಗ್ಲಿಷ್. ದಿನಾ ಹತ್ತು ನಿಮಿಷ ಗೆಳೆಯರ ಜೊತೆ ಕೂತು, ಒಬ್ಬರು ಕಣ್ಣು ಕಟ್ಟಿಕೊಂಡು, ಇನ್ನೊಬ್ಬರು ಬರೀ ಮಾತಿನಲ್ಲಿ ಅವರನ್ನು ಕೋಣೆಯ ಆ ಮೂಲೆಗೆ ನಡೆಸಿ. ಭಾಷೆಯೂ ಬರುತ್ತದೆ, ಅಳತೆಯೂ ಬರುತ್ತದೆ. ವಿಂಚ್ ಆಪರೇಟರ್ ಮಾಡುವುದೂ ಇದನ್ನೇ.

ಲಿಖಿತ ಪರೀಕ್ಷೆ ಪಾಸಾದರೆ ಆಯ್ಕೆ ಮಂಡಳಿಯ ಸುಮಾರು ಐದು ದಿನದ ಪರೀಕ್ಷೆ. ವಾಯುಪಡೆಯ ಮಂಡಳಿ ಮೈಸೂರಿನಲ್ಲೂ ಇದೆ. ಮೊದಲ ದಿನವೇ ಜರಡಿ ಹಿಡಿದು ತುಂಬ ಜನರನ್ನು ಮನೆಗೆ ಕಳಿಸುತ್ತಾರೆ. ಉಳಿದವರಿಗೆ ಮನಸ್ಸಿನ ಪರೀಕ್ಷೆ, ಗುಂಪಿನ ಕೆಲಸ, ಸಂದರ್ಶನ. ಹಲಗೆ, ಹಗ್ಗ, ಪೀಪಾಯಿ ಕೊಟ್ಟು ‘ನೆಲ ಮುಟ್ಟದೆ ಆಚೆ ದಾಟಿ’ ಅನ್ನುವ ಗುಂಪಿನ ಕೆಲಸ ಬರುತ್ತದಲ್ಲ, ಅದನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂತೀನಿ. ಅಲ್ಲಿ ಜೋರಾಗಿ ಕೂಗಿ ನಾಯಕನಾಗಲು ಹೋಗುವವರು ಜಾಸ್ತಿ. ಬೇರೆಯವರ ಒಳ್ಳೆ ಐಡಿಯಾ ಕೇಳಿ, ಸುಮ್ನೆ ಹೋಗಿ ಹಲಗೆಯ ಇನ್ನೊಂದು ತುದಿ ಹಿಡಿಯುವವರು ಕಡಿಮೆ. ಹೆಲಿಕಾಪ್ಟರ್ ತಂಡಕ್ಕೆ ಬೇಕಾದವರು ಇವರು. ಈ ಗುಣ ಕೋಚಿಂಗ್‌ನಲ್ಲಿ ಬರುವುದಿಲ್ಲ. ವಾಲಿಬಾಲ್, ಕಬಡ್ಡಿ ತಂಡದಲ್ಲಿ ವರ್ಷಗಟ್ಟಲೆ ಆಡಿದರೆ ಬರುತ್ತದೆ.

ಪೈಲಟ್ ಆಗುವವರಿಗೆ ಕಂಪ್ಯೂಟರ್‌ನಲ್ಲಿ ಸಿಪಿಎಸ್‌ಎಸ್ ಅನ್ನುವ ಪರೀಕ್ಷೆಯೂ ಇದೆ. ಮೀಟರ್ ಓದುವುದು, ಕೈಕಾಲು ಒಟ್ಟಿಗೆ ಆಡಿಸುವುದು ಇದರಲ್ಲಿ ಬರುತ್ತದೆ. ಜೀವನದಲ್ಲಿ ಇದಕ್ಕೆ ಒಂದೇ ಅವಕಾಶ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಸೂಚನೆಗಳನ್ನು ನಿಧಾನವಾಗಿ ಓದಿ.

ಕಣ್ಣು, ಕಾಲು, ಅಳತೆ

ವರ್ಷಗಟ್ಟಲೆ ಓದಿ ಕೊನೆಗೆ ವೈದ್ಯಕೀಯ ಪರೀಕ್ಷೆಯಲ್ಲಿ ಫೇಲಾಗುವವರನ್ನು ನೋಡಿದರೆ ಸಂಕಟವಾಗುತ್ತದೆ. ಇದನ್ನು ಮೊದಲೇ ನೋಡಿಕೊಳ್ಳಬಹುದು. ವಾಯುಪಡೆಯ ಹಾರಾಟ ವಿಭಾಗಕ್ಕೆ ಎತ್ತರ ಕನಿಷ್ಠ 162.5 ಸೆಂಟಿಮೀಟರ್. ಕಾಲಿನ ಉದ್ದ 99ರಿಂದ 120, ತೊಡೆಯ ಉದ್ದ 64ಕ್ಕಿಂತ ಹೆಚ್ಚಿರಬಾರದು, ಕೂತಾಗಿನ ಎತ್ತರ 81.5ರಿಂದ 96. ಕಾಕ್‌ಪಿಟ್‌ನಲ್ಲಿ ಕೂತು ಪೆಡಲ್ ಮುಟ್ಟಬೇಕು, ಮೇಲೆ ತಲೆ ತಾಗಬಾರದು, ಅದಕ್ಕೇ ಈ ಲೆಕ್ಕ. ಬಣ್ಣ ಗುರುತಿಸುವುದರಲ್ಲಿ ದೋಷ ಇರಬಾರದು. ಲೇಸರ್ ಮಾಡಿಸಿ ಕನ್ನಡಕ ತೆಗೆಯುವ ಯೋಚನೆ ಇದ್ದರೆ ತಡೆಯಿರಿ. ಯಾವ ವಯಸ್ಸಿನಲ್ಲಿ ಮಾಡಿಸಿದರೆ ಒಪ್ಪುತ್ತಾರೆ, ಆಮೇಲೆ ಎಷ್ಟು ತಿಂಗಳು ಕಳೆದಿರಬೇಕು ಅಂತ ನಿಯಮಗಳಿವೆ. ಪ್ರಕಟಣೆ ಹಿಡಿದುಕೊಂಡೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಪೈಲಟ್‌ಗಳ ಪರೀಕ್ಷೆ ನಡೆಯುವ ಜಾಗಗಳಲ್ಲಿ ಒಂದು ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆ.

ದೇಹಕ್ಕೆ ಬೇಕಾದದ್ದು ಜಿಮ್ ಮೈಕಟ್ಟಲ್ಲ, ದಮ್ಮು. ಓಟ, ಪುಲ್‌ಅಪ್, ಹಗ್ಗ ಹತ್ತುವುದು, ಬೆನ್ನಿನ ಬಲ. ಹೆಲಿಕಾಪ್ಟರ್ ಅದುರುವಿಕೆಯಲ್ಲಿ ಗಂಟೆಗಟ್ಟಲೆ ಕೂತವರಿಗೆ ಬೆನ್ನುನೋವು ಮಾಮೂಲು. ಬಂಡೆ ಹತ್ತುವ ಆಸೆ ಇದ್ದರೆ ರಾಜ್ಯದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಶಿಬಿರ ನಡೆಸುತ್ತದೆ.

ಈಜು ಬರಲೇಬೇಕು

ಹೆಲಿಕಾಪ್ಟರ್‌ನ ಎಂಜಿನ್, ಗೇರ್‌ಬಾಕ್ಸ್ ಎಲ್ಲ ತಲೆಯ ಮೇಲಿರುತ್ತವೆ. ನೀರಿಗೆ ಬಿದ್ದರೆ ತಲೆಭಾರಕ್ಕೆ ಮಗುಚಿಕೊಳ್ಳುತ್ತದೆ. ಒಳಗಿರುವವರು ತಲೆಕೆಳಗಾಗಿ, ಕತ್ತಲಲ್ಲಿ, ಮೂಗಿಗೆ ನೀರು ನುಗ್ಗುತ್ತಿರುವಾಗ ಹೊರಗೆ ಬರಬೇಕು. ಇದನ್ನು ಕೊಚ್ಚಿಯ ನೌಕಾನೆಲೆ ಐಎನ್‌ಎಸ್ ಗರುಡದಲ್ಲಿ ಹೇಳಿಕೊಡುತ್ತಾರೆ. ಹೆಲಿಕಾಪ್ಟರ್ ಒಳಭಾಗದಂಥ ಡಬ್ಬಿಯಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ಕೊಳಕ್ಕೆ ಇಳಿಸಿ ಮಗುಚುತ್ತಾರೆ. ಹೊರಬರುವ ಕ್ರಮ ಹೀಗೆ: ಒಂದು ಕೈಯಲ್ಲಿ ಕಿಟಕಿಯ ಅಂಚು ಹಿಡಿದು ಬಿಡಬಾರದು. ಅಲುಗಾಟ ಪೂರ್ತಿ ನಿಲ್ಲುವ ತನಕ ಕಾಯಬೇಕು. ಆಮೇಲೆ ಬೆಲ್ಟ್ ಬಿಚ್ಚಿ, ಹಿಡಿದ ಕೈ ತೋರಿದ ದಿಕ್ಕಿಗೇ ಹೊರಡಬೇಕು. ಬೆಲ್ಟ್ ಮೊದಲು ಬಿಚ್ಚಿದರೆ ದೇಹ ತೇಲಿ, ಬಾಗಿಲು ಯಾವ ಕಡೆ ಅಂತಲೇ ಗೊತ್ತಾಗುವುದಿಲ್ಲ. ಗಾಬರಿಯಲ್ಲಿ ಮನಸ್ಸು ಹೇಳುವುದು ಇದಕ್ಕೆ ತದ್ವಿರುದ್ಧ.

ಹಾಗಾಗಿ ಈಗಲೇ ಈಜು ಕಲಿಯಿರಿ. ಬಾವಿ, ಕೆರೆಯಲ್ಲಿ ಈಜಿ ಬೆಳೆದ ಹಳ್ಳಿ ಮಕ್ಕಳಿಗೆ ನೀರಿನ ಹೆದರಿಕೆ ಇರುವುದಿಲ್ಲ, ಅದು ದೊಡ್ಡ ಆಸ್ತಿ. ಆದರೆ ಒಬ್ಬರೇ ಇಳಿಯಬೇಡಿ. ನೀರಿನ ಕೆಳಗೆ ಉಸಿರು ಹಿಡಿಯುವ ಪಂದ್ಯವನ್ನಂತೂ ಕಟ್ಟಲೇಬೇಡಿ, ಅದರಲ್ಲಿ ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತದೆ.

ಆಯ್ಕೆಯಾದ ಮೇಲೆ

ವಾಯುಪಡೆಯ ಕೆಡೆಟ್‌ಗಳು ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿಗೆ ಹೋಗುತ್ತಾರೆ. ಮೊದಲು ಕಲಿಯುವುದು ಪಿಲಾಟಸ್ ವಿಮಾನದಲ್ಲಿ. ಆಮೇಲೆ ಫೈಟರ್, ಸಾಗಣೆ, ಹೆಲಿಕಾಪ್ಟರ್ ಅಂತ ಬೇರೆ ಮಾಡುತ್ತಾರೆ. ಹೆಲಿಕಾಪ್ಟರ್ ಸಿಕ್ಕವರು ಹಕೀಂಪೇಟೆಯ ತರಬೇತಿ ಶಾಲೆ ಸೇರುತ್ತಾರೆ. ನೌಕಾಪಡೆ, ಕಾವಲು ಪಡೆಯ ಹೆಲಿಕಾಪ್ಟರ್ ಪೈಲಟ್‌ಗಳು ಕಲಿಯುವುದು ತಮಿಳುನಾಡಿನ ಅರಕ್ಕೋಣಂನ ಐಎನ್‌ಎಸ್ ರಾಜಾಳಿಯಲ್ಲಿ. ಫೈಟರ್ ಸಿಗದವರಿಗೆ ಹೆಲಿಕಾಪ್ಟರ್ ಅನ್ನುವ ಮಾತು ಕೇಳಿಬರುತ್ತೆ. ದಯವಿಟ್ಟು ಅದನ್ನು ತಲೆಗೆ ಹಾಕಿಕೊಳ್ಳಬೇಡಿ. ಮರಗಳ ನಡುವೆ, ಬಿರುಗಾಳಿಯಲ್ಲಿ ಹೆಲಿಕಾಪ್ಟರ್ ನಿಲ್ಲಿಸುವುದು ಅದರದೇ ಆದ ವಿದ್ಯೆ.

ಪೈಲಟ್ ಆಗದೆಯೂ

ವಾಯುಪಡೆಗೆ ಅಗ್ನಿಪಥ ಯೋಜನೆಯಡಿ ಅಗ್ನಿವೀರರಾಗಿ ಸೇರಬಹುದು. ಅದು ನಾಲ್ಕು ವರ್ಷದ ಸೇವೆ, ಆಮೇಲೆ ಹೆಚ್ಚೆಂದರೆ 25 ಶೇಕಡಾ ಜನರನ್ನು ಉಳಿಸಿಕೊಳ್ಳುತ್ತಾರೆ. ಫ್ಲೈಟ್ ಗನ್ನರ್, ಫ್ಲೈಟ್ ಎಂಜಿನಿಯರ್ ಕೆಲಸ ಸೇರಿದ ಮೊದಲ ದಿನವೇ ಸಿಗುವಂಥದ್ದಲ್ಲ. ಅನುಭವ ಬಂದ ಮೇಲೆ ಆರಿಸುತ್ತಾರೆ. ಕರಾವಳಿ ಕಾವಲು ಪಡೆಯ ನಾವಿಕ್ ಮತ್ತು ಯಾಂತ್ರಿಕ್ ಹುದ್ದೆಗಳು ಅಗ್ನಿಪಥ ಯೋಜನೆಯಡಿ ಬರುವುದಿಲ್ಲ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದರ ಹೆಲಿಕಾಪ್ಟರ್‌ಗಳಲ್ಲಿ ನೀರಿಗಿಳಿಯುವ ಡೈವರ್‌ಗಳೂ ಇರುತ್ತಾರೆ. ನೌಕಾಪಡೆಯ ಡೈವರ್‌ಗಳು ಕೊಚ್ಚಿಯಲ್ಲಿ ಕಲಿಯುತ್ತಾರೆ. 2004ರಲ್ಲಿ ಶುರುವಾದ ವಾಯುಪಡೆಯ ಗರುಡ್ ಕಮಾಂಡೊಗಳಿಗೆ ಯುದ್ಧದ ನಡುವೆ ಬಿದ್ದ ಪೈಲಟ್‌ಗಳನ್ನು ಕರೆತರುವ ಜವಾಬ್ದಾರಿಯೂ ಇದೆ.

ಮನೆಯವರ ಜೊತೆ ಮಾತಾಡಿ

ಅಪಾಯವನ್ನು ಮುಚ್ಚಿಡಬಾರದು. 2013ರ ಜೂನ್ 25ರಂದು ಉತ್ತರಾಖಂಡದ ಪ್ರವಾಹದಲ್ಲಿ ರಕ್ಷಣೆಗೆ ಹೋಗಿದ್ದ ಎಂಐ-17 ಬಿದ್ದು 20 ಜನ ತೀರಿಕೊಂಡರು. 2024ರ ಸೆಪ್ಟೆಂಬರ್‌ನಲ್ಲಿ ಹಡಗಿನಿಂದ ಗಾಯಾಳುವೊಬ್ಬರನ್ನು ತರಲು ರಾತ್ರಿ ಹೊರಟ ಕಾವಲು ಪಡೆಯ ಧ್ರುವ್ ಹೆಲಿಕಾಪ್ಟರ್ ಪೋರಬಂದರ್ ಹತ್ತಿರ ಸಮುದ್ರಕ್ಕೆ ಬಿತ್ತು. ನಾಲ್ವರಲ್ಲಿ ಒಬ್ಬರು ಮಾತ್ರ ಉಳಿದರು. 2022ರ ಏಪ್ರಿಲ್‌ನಲ್ಲಿ ಜಾರ್ಖಂಡದ ತ್ರಿಕೂಟ ರೋಪ್‌ವೇಯಲ್ಲಿ ಸಿಕ್ಕಿಬಿದ್ದ ಹಲವರನ್ನು ವಾಯುಪಡೆ ಉಳಿಸಿತು, ಆದರೆ ಎತ್ತುವಾಗಲೇ ಇಬ್ಬರು ಬಿದ್ದು ಸತ್ತರು. ಕೈಗೆ ಸಿಕ್ಕವರು ಜಾರಿಹೋದ ಮೇಲೂ ಮುಂದಿನವರಿಗಾಗಿ ಮತ್ತೆ ಹಗ್ಗ ಇಳಿಸಬೇಕು. ಇಂಧನ ಮುಗಿಯುತ್ತಾ ಬಂದರೆ ಕೆಳಗೆ ಜನ ಕೈ ಬೀಸುತ್ತಿದ್ದರೂ ತಿರುಗಬೇಕು. ಅಪ್ಪ ಅಮ್ಮನಿಗೆ ಇದನ್ನೆಲ್ಲ ಹೇಳಿ, ಅವರ ಭಯವನ್ನೂ ಕೂತು ಕೇಳಿ.

ಆಗದಿದ್ದರೆ?

ಕಣ್ಣಿನಿಂದಲೋ ವಯಸ್ಸಿನಿಂದಲೋ ಸೇನೆ ತಪ್ಪಿದರೂ ಜೀವ ಉಳಿಸುವ ಕೆಲಸ ತಪ್ಪಬೇಕಿಲ್ಲ. ಪ್ರವಾಹ ಬಂದಾಗ ದೋಣಿ ತರುವ ರಾಷ್ಟ್ರೀಯ ವಿಪತ್ತು ಪಡೆ ಎನ್‌ಡಿಆರ್‌ಎಫ್‌ಗೆ ಸಿಬ್ಬಂದಿ ಬರುವುದು ಸಿಆರ್‌ಪಿಎಫ್, ಬಿಎಸ್‌ಎಫ್, ಐಟಿಬಿಪಿಯಂಥ ಕೇಂದ್ರ ಪಡೆಗಳಿಂದ, ನಿಯೋಜನೆಯ ಮೇಲೆ. ಆ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಗೆ ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ಪರೀಕ್ಷೆ ನಡೆಸುತ್ತದೆ. ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. 2024ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಅರ್ಜಿ ತುಂಬುವಾಗ ಭಾಷೆಯ ಜಾಗದಲ್ಲಿ ಕನ್ನಡ ಅಂತ ಆರಿಸುವುದನ್ನು ಮರೆಯಬೇಡಿ.