ಸೊನ್ನೆ ಬರೆಯಲು ಕಲಿತ ಮಕ್ಕಳು: ಬಾಟಲಿ ಮಳೆಮಾಪಕದ ನನ್ನ ಅನುಭವ

"ಮಳೆ ಅಳೆದರೆ ಮಳೆ ಬರುತ್ತದೆಯೇ ಮೇಷ್ಟ್ರೇ?" ಎಂದು ನಾಲ್ಕು ಜನರ ಮುಂದೆ ಕೇಳಿದವರೇ ಈಗ ಮಳೆಮಾಪಕ ಮಾಡಲು ಬಾಟಲಿಯನ್ನು ಎಲ್ಲಿಗೆ ಕತ್ತರಿಸಬೇಕು ಎಂದು ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಬರೆದುಬಿಡುವುದೇ ಮೇಲು ಎನಿಸಿತು.

ಹಿರಿಯೂರು, ಚಳ್ಳಕೆರೆ ನಡುವಿನ ಬಯಲಿನಲ್ಲಿ ನಮ್ಮದೊಂದು ಸರ್ಕಾರಿ ಪ್ರೌಢಶಾಲೆ. ವಿಜ್ಞಾನ ನನ್ನ ವಿಷಯ, ಇಕೋ ಕ್ಲಬ್ ನನ್ನ ಹೆಗಲಿಗೆ ಬಿದ್ದ ಹೊಣೆ. ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ: ಜಾಥಾ, ಪ್ರಬಂಧ ಸ್ಪರ್ಧೆ, ಚಿತ್ರ ಸ್ಪರ್ಧೆ. ಹವಾಮಾನ ಬದಲಾವಣೆಯ ಚಿತ್ರ ಬರೆಯಿರಿ ಎಂದರೆ ನಲವತ್ತು ಮಕ್ಕಳಲ್ಲಿ ಮೂವತ್ತು ಮಂದಿ ಹಿಮಕರಡಿ ಬರೆದರು. ವರ್ಷಕ್ಕೆ ಐನೂರು ಮಿಲಿಮೀಟರ್ ಮಳೆ ಕಂಡರೆ ಹಬ್ಬ ಮಾಡುವ ಸೀಮೆಯ ಮಕ್ಕಳು! ಬಹುಮಾನ ಹಂಚಿ ಮನೆಗೆ ಬಂದೆ, ರಾತ್ರಿಯೆಲ್ಲ ಅದೇ ಕೊರೆಯುತ್ತಿತ್ತು.

ಸಸಿ ನೆಟ್ಟಿದ್ದು ಇನ್ನೂ ದೊಡ್ಡ ಸೋಲು. ವಿಶ್ವ ಪರಿಸರ ದಿನವಾದ ಜೂನ್ 5ರಂದು ಇನ್ನೂರು ಸಸಿ ನೆಟ್ಟು ಫೋಟೊ ತೆಗೆಸಿಕೊಂಡೆವು. ಗುಂಡಿ, ಮುಳ್ಳುಬೇಲಿ, ಎರಡು ಟ್ಯಾಂಕರ್ ನೀರು ಎಂದು ನನ್ನ ಕೈಯಿಂದಲೇ ಆರೇಳು ಸಾವಿರ ರೂಪಾಯಿ ಹೋಯಿತು. ಯುಗಾದಿಗೆ ಎಣಿಸಿದರೆ ಉಳಿದಿದ್ದವು ಹನ್ನೊಂದು. ನಮ್ಮಲ್ಲಿ ಜೂನ್ ಮೊದಲ ವಾರ ಎಂದರೆ ರೋಹಿಣಿ ಮಳೆ ನಕ್ಷತ್ರ, ನೆಲ ಇನ್ನೂ ಕಾದ ಹಂಚು. ನಂಬಬಹುದಾದ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಇದು ಪ್ರತಿ ಮಗುವಿನ ಅಜ್ಜನಿಗೂ ಗೊತ್ತು, ಆದರೆ ನಾವು ಯಾರೂ ಅಜ್ಜನನ್ನು ಕೇಳಿರಲಿಲ್ಲ.

ಬಾಟಲಿಯ ಕೆಲಸ ಶುರುವಾಗಿದ್ದು 2021ರಲ್ಲಿ. ಕೋವಿಡ್‌ನಿಂದ ಶಾಲೆಗೆ ಬೀಗ ಬಿದ್ದಿತ್ತು. ಅದಕ್ಕೂ ಮುಂಚೆ ಸುಮಾರು ಮೂರು ಸಾವಿರ ಕೊಟ್ಟು ತರಿಸಿದ್ದ ಅಸಲಿ ಮಳೆಮಾಪಕ ಇಪ್ಪತ್ತು ದಿನವೂ ಉಳಿದಿರಲಿಲ್ಲ, ಯಾರೋ ಹೊತ್ತೊಯ್ದಿದ್ದರು. ಹಾಗಾಗಿ ಕಲ್ಯಾಣ ಮಂಟಪದ ಹಿಂದೆ ಬಿದ್ದಿದ್ದ ಎರಡು ಲೀಟರಿನ ತಂಪು ಪಾನೀಯದ ಬಾಟಲಿಗಳನ್ನು ಆರಿಸಿ ತಂದೆವು. ಮೂವತ್ತೊಂದು ಮಕ್ಕಳು, ಮೂವತ್ತೊಂದು ಬಾಟಲಿ, ಒಂಬತ್ತು ಊರು ಮತ್ತು ಹಟ್ಟಿಗಳು. ಅಳತೆಪಟ್ಟಿಯ ಸ್ಟಿಕ್ಕರ್, ಸಿಮೆಂಟ್, ತಂತಿ ಎಲ್ಲ ಸೇರಿ ಒಂಬೈನೂರು ರೂಪಾಯಿ ದಾಟಲಿಲ್ಲ.

ಬಾಟಲಿಯ ಭುಜ ಮುಗಿದು ಪಕ್ಕೆ ನೇರವಾಗುವಲ್ಲಿಗೆ ಕತ್ತರಿಸಿ, ಮೇಲಿನ ತುಂಡನ್ನು ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ, ಪಕ್ಕೆಗೆ ಅಳತೆಪಟ್ಟಿ ಅಂಟಿಸಬೇಕು. ಎಡವುವುದು ತಳದಲ್ಲಿ. ಬಾಟಲಿಯ ತಳ ಐದು ಗುಬುಟಾಗಿರುತ್ತದೆ, ಅಲ್ಲಿಂದಲೇ ಅಳತೆ ಶುರು ಮಾಡಿದರೆ ಸಣ್ಣ ಮಳೆಯ ಲೆಕ್ಕವೆಲ್ಲ ಸುಳ್ಳು. ಜಲ್ಲಿ ಹಾಕಿ, ಮೇಲೆ ಸಿಮೆಂಟ್ ಹಾಲು ಸುರಿದು ಸಮತಟ್ಟು ಮಾಡಿ, ಅಲ್ಲಿಗೆ ಸೊನ್ನೆ ಗೆರೆ ಎಳೆಯಬೇಕು. ಪಕ್ಕೆಯಲ್ಲಿ ಮಡಿಕೆ ಇರುವ ಬಾಟಲಿ ಬೇಡವೇ ಬೇಡ. ನೀರು ಆವಿಯಾಗದಂತೆ ತೆಳು ಪದರವಾಗುವಷ್ಟು ಅಡುಗೆ ಎಣ್ಣೆ ಬಿಡಿ. ಎರಡು ಬೇಸಿಗೆಗೆ ಪ್ಲಾಸ್ಟಿಕ್ ಹಪ್ಪಳದಂತಾಗುತ್ತದೆ, ಬದಲಿಸಲೇಬೇಕು.

ಮೊದಲ ಎರಡು ತಿಂಗಳು ಬಂದ ಲೆಕ್ಕವನ್ನು ಹರಿದು ಹಾಕಿದೆ. ಒಬ್ಬ ಹುಡುಗ ಪಕ್ಕದ ಬೀದಿಯವಳು 12 ಬರೆದರೆ ತಾನೂ 12 ಬರೆಯುತ್ತಿದ್ದ. ಇನ್ನೊಬ್ಬನ ಬಾಟಲಿಯಲ್ಲಿ ಮಳೆಯಿಲ್ಲದ ದಿನವೂ ನೀರು; ನೋಡಿದರೆ ಬಚ್ಚಲ ಗೋಡೆಯ ಪಕ್ಕ ಕಟ್ಟಿದ್ದ. ಕದ್ದ ಲೆಕ್ಕವನ್ನು ಹಿಡಿಯಲು ಒಂದು ದಾರಿ ಕಂಡುಕೊಂಡಿದ್ದೇನೆ, ಅದನ್ನು ಇಲ್ಲಿ ಹೇಳುವುದಿಲ್ಲ. ಗೊತ್ತಾದರೆ ಅದು ಕೆಲಸ ಮಾಡುವುದಿಲ್ಲ.

ಆದರೆ ಎಲ್ಲಕ್ಕಿಂತ ಕಷ್ಟವಾಗಿದ್ದು ಸೊನ್ನೆ ಬರೆಸುವುದು. ಮಳೆ ಬಾರದ ದಿನ ಮಕ್ಕಳು ಪುಸ್ತಕವನ್ನೇ ತೆರೆಯುತ್ತಿರಲಿಲ್ಲ. "ಏನೂ ಬಂದಿಲ್ಲ ಸಾರ್, ಏನು ಬರೆಯಲಿ?" ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನೀನು ನೋಡಲಿಲ್ಲವೋ ಗೊತ್ತಾಗುವುದು ಹೇಗೆ ಎಂದು ಎಷ್ಟು ಸಲ ಹೇಳಿದೆನೋ. ಬೆಳಿಗ್ಗೆ ಎಂಟೂವರೆಗೆ ಬಾಟಲಿಯ ಮುಂದೆ ನಿಲ್ಲಬೇಕು, ಒಣಗಿದ್ದರೆ ಸೊನ್ನೆ ಬರೆಯಬೇಕು. ಅಷ್ಟು ಮಾಡಿಸಲು ಒಂದು ವರ್ಷ ಹಿಡಿಯಿತು.

ಈ ಪಾಠವನ್ನು ನಾನೂ ಕಲಿಯಬೇಕಿತ್ತು. 2021ರ ಅಕ್ಟೋಬರ್ ಕೊನೆಗೆ ಮಳೆಗಾಲ ಮುಗಿಯಿತೆಂದು ಬಾಟಲಿಗಳನ್ನೆಲ್ಲ ಬಿಚ್ಚಿಸಿ ಒಳಗಿಡಿಸಿದೆ. ನವೆಂಬರಿನಲ್ಲಿ ಸುರಿಯಿತು ನೋಡಿ, ರಾಜ್ಯದ ಒಳನಾಡೆಲ್ಲ ತೊಯ್ದು ಹೋಯಿತು. ಕಿತ್ತು ಗುಡ್ಡೆ ಹಾಕಿದ್ದ ಶೇಂಗಾ ಹೊಲದಲ್ಲೇ ಮೊಳಕೆ ಒಡೆಯಿತು. ಒಬ್ಬ ಹುಡುಗಿ ಮೊಳಕೆ ಬಂದ ಕಾಯಿಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಬಿಳಿ ಬೇರು ಕಿರುಬೆರಳಿನಷ್ಟು ಉದ್ದವಿತ್ತು. ಆ ಮಳೆಯನ್ನು ಅಳೆದವರು ನನ್ನ ಮಾತು ಕೇಳದೆ ಬಾಟಲಿ ಬಿಚ್ಚದಿದ್ದ ಇಬ್ಬರು ಮಾತ್ರ. ಅಂದಿನಿಂದ ವರ್ಷವಿಡೀ ಬಾಟಲಿ ಬಿಚ್ಚುವುದಿಲ್ಲ.

ಕೆಲಸ ಕೈಹಿಡಿದಿದ್ದು 2022ರಲ್ಲಿ, ಎರಡು ಬದಲಾವಣೆಯಿಂದ. ಒಂದು, ಲೆಕ್ಕವನ್ನು ಶಾಲೆಯಲ್ಲಿ ಇಟ್ಟುಕೊಳ್ಳದೆ ಹಾಲಿನ ಡೇರಿಯ ಗೋಡೆಗೆ ಕಪ್ಪು ಹಲಗೆ ಹೊಡೆದೆವು (ನಾನೂರೈವತ್ತು ರೂಪಾಯಿ). ಎರಡು, ತಿಂಗಳ ಲೆಕ್ಕ ಬಿಟ್ಟು, ರೈತರು ಮಳೆಗಾಲವನ್ನು ಸುಮಾರು ಎರಡೆರಡು ವಾರಕ್ಕೆ ಒಂದೊಂದು ಹೆಸರಿಟ್ಟು ಎಣಿಸುವ ಮಳೆ ನಕ್ಷತ್ರದ ಲೆಕ್ಕ ಹಿಡಿದೆವು. "ಜುಲೈ 42 ಮಿ.ಮೀ." ಎಂದು ಬರೆದಾಗ ಯಾರೂ ತಿರುಗಿ ನೋಡಿರಲಿಲ್ಲ. "ಪುನರ್ವಸು 11, ಪುಷ್ಯ 31" ಎಂದು ಬರೆದ ದಿನ ಹಾಲಿನ ಕ್ಯಾನ್ ಹಿಡಿದವರು ಅರ್ಧ ಗಂಟೆ ಅಲ್ಲೇ ನಿಂತು ವಾದ ಮಾಡಿದರು. ಇಂಥ ವರ್ಷ ಪುಷ್ಯದಲ್ಲಿ ಕೆರೆ ಕೋಡಿ ಬಿದ್ದಿತ್ತು, ಇಂಥ ವರ್ಷ ಆರಿದ್ರೆಯಲ್ಲೇ ಬಿತ್ತನೆ ಮುಗಿದಿತ್ತು. ಮಕ್ಕಳು ಅದನ್ನೆಲ್ಲ ಬರೆದುಕೊಂಡರು. ಆಮೇಲೆ ಹತ್ತಿರದ ಮಳೆ ಕೇಂದ್ರದ ಮೂವತ್ತು ವರ್ಷದ ಲೆಕ್ಕ ತಂದು ಅಜ್ಜಂದಿರ ನೆನಪಿನ ಪಕ್ಕ ಇಟ್ಟೆವು. ಕೆಲವು ಕಡೆ ನೆನಪು ತಪ್ಪಿತ್ತು, ಹಲವು ಕಡೆ ಸರಿಯಿತ್ತು. ಎರಡು ವರ್ಷದ ಬಾಟಲಿಯಿಂದ ಹವಾಮಾನ ಬದಲಾಯಿತು ಎನ್ನಲಾಗದು, ಅದಕ್ಕೆ ಕನಿಷ್ಠ ಮೂವತ್ತು ವರ್ಷ ಬೇಕು ಎಂಬುದನ್ನು ನಾನು ಪಾಠ ಮಾಡಬೇಕಾಗಲೇ ಇಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಿರಿಯೂರಿನ ಬಳಿಯ ವಾಣಿ ವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ತಲೆಗೆ ಅರವತ್ತು ರೂಪಾಯಿಯಂತೆ ಟೆಂಪೊ ಮಾಡಿಕೊಂಡು ಹೋದೆವು. ನಮ್ಮ ಬಾಟಲಿಗೆ ಬಿದ್ದ ಮಳೆಗೆ ಇಷ್ಟು ನೀರು ಬರಲು ಸಾಧ್ಯವೇ ಎಂದು ಮಕ್ಕಳೇ ಲೆಕ್ಕ ಹಾಕತೊಡಗಿದರು. ಈ ಜಲಾಶಯ ತುಂಬಿಸುವ ವೇದಾವತಿ ಚಿಕ್ಕಮಗಳೂರಿನ ಬೆಟ್ಟಗಳಿಂದ ಇಳಿದು ಬರುತ್ತಾಳೆ, ಜೊತೆಗೆ ಭದ್ರೆಯ ನೀರೂ ಸೇರಿದೆ ಎಂಬುದನ್ನು ಅಲ್ಲಿ ಕೋಡಿಯ ಸದ್ದಿನ ನಡುವೆ ಕೂಗಿ ಹೇಳಿದೆ. ತರಗತಿಯಲ್ಲಿ ಹೇಳಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ.

ನಡುವೆ ಇನ್ನೊಂದು ಪ್ರಯೋಗ. ಒಂಬತ್ತನೇ ತರಗತಿಯ ಶೀಟ್ ಚಾವಣಿಗೆ ಮಕ್ಕಳು ಸುಣ್ಣ ಬಳಿದರು, ಖರ್ಚು ಸಾವಿರದ ನೂರು. ಏಪ್ರಿಲ್ ಮಧ್ಯಾಹ್ನ ಪಕ್ಕದ ಕೊಠಡಿಗಿಂತ ಮೂರು, ನಾಲ್ಕು ಡಿಗ್ರಿ ತಂಪಿತ್ತು. ಒಂದೇ ಮಳೆಗೆ ಸುಣ್ಣ ತೊಳೆದು ಹೋಯಿತು. ಮರುವರ್ಷ ಒಂದು ಅಂಟು ಬೆರೆಸಿದೆವು, ಈಗ ನಿಂತಿದೆ. ಅದರ ಹದವನ್ನು ಇನ್ನೊಂದು ಬೇಸಿಗೆ ನೋಡಿ ಹೇಳುತ್ತೇನೆ.

"ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು" ಎನ್ನುತ್ತಾರೆ. 2023ರ ಆಗಸ್ಟಿನಲ್ಲಿ ಡೇರಿಯ ಹಲಗೆಯ ಮೇಲೆ ಆಶ್ಲೇಷದ ಸಾಲೂ ಮಘೆಯ ಸಾಲೂ ಸೊನ್ನೆ, ಸೊನ್ನೆ, ಸೊನ್ನೆ. ನಡುವೆ ಒಂದೆರಡು ದಿನ ಎರಡೋ ಮೂರೋ ಮಿಲಿಮೀಟರ್. 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು ಎಂದು ಪತ್ರಿಕೆಯಲ್ಲಿ ಬಂದಾಗ ಮಕ್ಕಳು ಪುಟವನ್ನು ಕತ್ತರಿಸಿ ಪುಸ್ತಕಕ್ಕೆ ಅಂಟಿಸಿದರು. ಅದಕ್ಕೂ ಮುಂಚೆ, ಜುಲೈನ ಪುನರ್ವಸುವಿನಲ್ಲಿ ಒಂದು ಸಂಜೆ ಬಿರುಸಾಗಿ ಹೊಡೆದು ನಿಂತಾಗ ಹಲವರು ಬಿತ್ತನೆಗೆ ಹೊರಟಿದ್ದರು. ಶೇಂಗಾ ಮೊಳಕೆ ತಂದಿದ್ದಳಲ್ಲ, ಆ ಹುಡುಗಿಯ ತಂಗಿ ಬಾಟಲಿ ನೋಡಿದಳು: 6. ಹೊಲಕ್ಕೆ ಹೋಗಿ ನೆಲ ಕೆದಕಿದಳು: ಎರಡು ಬೆರಳಷ್ಟೇ ಒದ್ದೆ. "ಇದು ಹದ ಅಲ್ಲ ಅಪ್ಪಾ" ಎಂದಳಂತೆ. ಅಪ್ಪ ಬಿತ್ತನೆ ನಿಲ್ಲಿಸಿದರು. ಎರಡು ಎಕರೆಯ ಬೀಜ, ಹತ್ತು ಸಾವಿರ ರೂಪಾಯಿಯಷ್ಟು, ಚೀಲದಲ್ಲೇ ಉಳಿಯಿತು. ಸೆಪ್ಟೆಂಬರಿನ ಉತ್ತರೆಯಲ್ಲಿ ಬಿದ್ದ ಚೂರು ಹದಕ್ಕೆ ಹುರುಳಿ ಚೆಲ್ಲಿದರು. ಅವರೇ ಮುಂದೆ ಪೋಷಕರ ಸಭೆಯಲ್ಲಿ ಎದ್ದು ನಿಂತು ಇದನ್ನು ಹೇಳಿದರು. ಬಾಟಲಿ ಹಿಡಿದು ಮಕ್ಕಳ ಓದು ಕೆಡಿಸುತ್ತಿದ್ದೇನೆ ಎಂದು ಹಿಂದಿನ ವರ್ಷ ದೂರಿದ್ದವರೂ ಅವರೇ. ಬಾಟಲಿ ನೋಡುತ್ತಿದ್ದ ಹತ್ತನೇ ತರಗತಿಯ ಮಕ್ಕಳೆಲ್ಲ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾರೆ ಎಂಬುದನ್ನೂ ಇಲ್ಲಿ ಹೇಳಬೇಕು.

ಈಗ ಬಾಟಲಿಗಳು ನಲವತ್ತು ದಾಟಿವೆ. ಶಾಲೆ ಬಿಡುವವರು ತಮ್ಮ ಬೀದಿಯ ಕಿರಿಯರಿಗೆ ಒಪ್ಪಿಸಿ ಹೋಗುತ್ತಾರೆ. ಸಸಿ ನೆಡುವ ದಿನವನ್ನು ಮಕ್ಕಳೇ ಹಲಗೆ ನೋಡಿ ಗೊತ್ತುಮಾಡುತ್ತಾರೆ. ಕಳೆದ ಸಲ ಹಸ್ತ ಮಳೆಯಲ್ಲಿ, ಅಕ್ಟೋಬರ್ ಹೊತ್ತಿಗೆ, ಅರವತ್ತು ನೆಟ್ಟರು, ನಲವತ್ತನಾಲ್ಕು ಬದುಕಿವೆ. ಜೂನ್ 5ರಂದು ನಾವು ಗುಂಡಿ ಮಾತ್ರ ತೋಡುತ್ತೇವೆ.